ಪದ ಪರಿಚಯ: ರಿಲೀಸ್ – ಬಿಟ್ಟೆನೋ, ಬಿಟ್ಟುಕೊಂಡಿತೋ

ಕನ್ನಡದಲ್ಲಿ ಬಾಣವನ್ನು ಬಿಡುತ್ತೇವೆ. 'ಬಾಣ ಹೊಡೆದ' ಅಂದರೂ ನಡೆಯುತ್ತದೆ, ಆದರೆ ನಾಲಿಗೆಗೆ ಮೊದಲು ಬರುವುದು 'ಬಾಣ ಬಿಟ್ಟ' ಎಂಬುದೇ. ತುದಿಗಳಲ್ಲಿ ಚಕ್ರಗಳಿರುವ ಕಾಂಪೌಂಡ್ ಬಿಲ್ಲಿನವರು ದಿನವಿಡೀ ಆಡುವ 'ರಿಲೀಸ್' ಎಂಬ ಮಾತು ಈ 'ಬಿಡು'ವಿನ ಸುತ್ತಲೇ ಇದೆ. ಹೆದೆ ಬಿಡುವ ಕ್ರಿಯೆಗೂ ಅವರು ರಿಲೀಸ್ ಅನ್ನುತ್ತಾರೆ, ಹೆದೆ ಬಿಡಲು ಕೈಯಲ್ಲಿ ಹಿಡಿಯುವ ಸಾಧನಕ್ಕೂ ರಿಲೀಸ್ ಅನ್ನುತ್ತಾರೆ. ಸಾಧನದ ಪೂರ್ತಿ ಹೆಸರು ರಿಲೀಸ್ ಏಡ್.

ನಮ್ಮ ಶಿರಸಿ ಕಡೆಯವರಿಗೆ ದೋಟಿಯ ತುದಿಯ ಕೊಕ್ಕೆ ಗೊತ್ತು. ಬೇಕಾದ ಕ್ಷಣದಲ್ಲಿ ತಾನೇ ಬಾಯಿ ತೆರೆಯುವ, ಬೆರಳುದ್ದದ ಲೋಹದ ಕೊಕ್ಕೆಯೊಂದನ್ನು ಕಲ್ಪಿಸಿಕೊಳ್ಳಿ, ರಿಲೀಸ್ ಅಂದರೆ ಅದೇ. ಹೆದೆಯ ಮಧ್ಯದಲ್ಲಿ, ಬಾಣದ ಹಿಂಭಾಗ ಕೂರುವ ಜಾಗದಲ್ಲಿ ಗಟ್ಟಿ ದಾರದ ಪುಟ್ಟ ಕುಣಿಕೆ ಇರುತ್ತದೆ. ಅದು ಡಿ-ಲೂಪ್. ಕೊಕ್ಕೆಯನ್ನು ಅದಕ್ಕೆ ಸಿಕ್ಕಿಸಿ ಎಳೆಯುತ್ತೇವೆ, ಕೊಕ್ಕೆ ತೆರೆದಾಗ ಬಾಣ ಹೊರಡುತ್ತದೆ. ಬೆರಳು ಹೆದೆಯನ್ನು ಮುಟ್ಟುವುದೇ ಇಲ್ಲ.

ಏಕೆ ಮುಟ್ಟಬಾರದು? ಒಲಿಂಪಿಕ್ಸ್‌ನಲ್ಲಿ ಕಾಣುವ ರಿಕರ್ವ್ ಬಿಲ್ಲಿನವರು ಮೂರು ಬೆರಳಿನಿಂದಲೇ ಹೆದೆ ಎಳೆಯುತ್ತಾರೆ, ಚರ್ಮದ ಟ್ಯಾಬ್ ಒಂದೇ ಅಡ್ಡ. ಅಮೆರಿಕದ ಹಾಲೆಸ್ ವಿಲ್ಬರ್ ಅಲೆನ್ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲಿನ ಲೆಕ್ಕ ಬೇರೆ. ಅದು ಗಿಡ್ಡ. ಪೂರ್ತಿ ಎಳೆದಾಗ ಹೆದೆ ಚೂಪಾಗಿ ಮಡಚಿ ಬೆರಳುಗಳನ್ನು ಹಿಂಡುತ್ತದೆ. ಬೆರಳು ಬಿಡುವಾಗ ಹೆದೆ ಒಂದಿಷ್ಟು ಪಕ್ಕಕ್ಕೆ ಉರುಳಿಯೇ ಹೊರಡುತ್ತದೆ, ಬಾಣ ಅಲ್ಲೇ ಸೊಟ್ಟ. ಕಾಂಪೌಂಡ್ ಸ್ಪರ್ಧೆಯಲ್ಲಿ 50 ಮೀಟರ್ ದೂರದಿಂದ ಹತ್ತು ಅಂಕ ಬೇಕೆಂದರೆ 8 ಸೆಂಟಿಮೀಟರ್ ವೃತ್ತದೊಳಗೆ ಬಾಣ ಬೀಳಬೇಕು. ಆ ಸೊಟ್ಟಕ್ಕೆ ಅಲ್ಲಿ ಜಾಗವಿಲ್ಲ. ಹೆದೆಗೂ ಬೆರಳಿಗೂ ನಡುವೆ ಏನಾದರೂ ಇರಲಿ ಎಂಬ ಯೋಚನೆಯಂತೂ ಹೊಸದಲ್ಲ. ನಮ್ಮ ಹಳೆಯ ಕಾವ್ಯಗಳ ವೀರರು ಅಂಗುಲಿತ್ರಾಣ ತೊಡುತ್ತಿದ್ದರು. ತುರ್ಕರು, ಮಂಗೋಲರು ಹೆಬ್ಬೆರಳಿಗೆ ಉಂಗುರ ತೊಟ್ಟು ಹೆದೆ ಎಳೆಯುತ್ತಿದ್ದರು.

ಇನ್ನು ಆಯ್ಕೆಯ ಮಾತು. ಅಂಗಡಿಯಲ್ಲಿ ಅಥವಾ ಮೊಬೈಲಿನಲ್ಲಿ ಬೆಲೆ, ಬಣ್ಣ, ಕಂಪನಿ ನೋಡಿ ರಿಲೀಸ್ ಕೊಳ್ಳುವವರೇ ಹೆಚ್ಚು. ನಾನು ಕೊಂಡದ್ದೂ ಹಾಗೆಯೇ. ಒಂದು ಬದಿಗೆ ನಿಮ್ಮ ಕೈ, ಇನ್ನೊಂದು ಬದಿಗೆ ನಿಮ್ಮ ಮನಸ್ಸಿನ ಚಾಳಿ, ಇವೆರಡಕ್ಕೂ ಹೊಂದುವುದೇ ನಿಮ್ಮ ರಿಲೀಸ್ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ನನ್ನ ಮೊದಲನೆಯದು ತೋರುಬೆರಳಿನ ರಿಲೀಸ್. ಮಣಿಕಟ್ಟಿಗೆ ಪಟ್ಟಿ ಕಟ್ಟಿ, ತೋರುಬೆರಳಿನಿಂದ ಟ್ರಿಗರ್ ಒತ್ತುವಂಥದ್ದು. ಎಳೆಯುವ ಭಾರವೆಲ್ಲ ಮಣಿಕಟ್ಟಿನ ಮೇಲೆ, ಕೈಯಿಂದ ಜಾರಿ ಬೀಳುವ ಭಯವಿಲ್ಲ, ಕಲಿಯುವುದು ಸುಲಭ. ಹೊಸಬರಿಗೆ ಇದನ್ನೇ ಕೊಡುವುದರಲ್ಲಿ ತಪ್ಪೇನಿಲ್ಲ. ಆದರೆ ಪಟ್ಟಿಯ ಉದ್ದ ನೋಡಿಕೊಳ್ಳಿ. ಬಹಳ ಮಂದಿ ಪಟ್ಟಿಯನ್ನು ಉದ್ದ ಬಿಟ್ಟು ಬೆರಳ ತುದಿಯಿಂದ ಟ್ರಿಗರ್ ತಡವುತ್ತಾರೆ. ಟ್ರಿಗರ್ ಬೆರಳಿನ ತುದಿಯ ಗೆಣ್ಣಿಗೂ ನಡು ಗೆಣ್ಣಿಗೂ ಮಧ್ಯೆ ಕೂರಬೇಕು, ಬೆರಳು ಅದನ್ನು ಸುತ್ತಿ ಹಿಡಿಯಬೇಕು.

ನನ್ನ ತೊಂದರೆ ಬೇರೆಯೇ ಇತ್ತು. ಬಿಲ್ಲಿನ ಸೈಟಿನ ಚುಕ್ಕೆ ಗುರಿಯ ನಡುವಿನ ಹಳದಿಯ ಮೇಲೆ ಬಂತೋ ಇಲ್ಲವೋ, ಬೆರಳು ಟಪ್ಪೆಂದು ಒತ್ತಿಬಿಡುತ್ತಿತ್ತು. ಒತ್ತುವ ಆ ಕ್ಷಣದಲ್ಲಿ ಭುಜ ನಡುಗುತ್ತಿತ್ತು, ಬಾಣ ಎಡಕ್ಕೆ ಹೋಗುತ್ತಿತ್ತು. ಆಮೇಲಾಮೇಲೆ ಚುಕ್ಕೆಯನ್ನು ಹಳದಿಯ ಮೇಲೆ ತಂದು ನಿಲ್ಲಿಸಲಿಕ್ಕೇ ಆಗದಾಯಿತು. ಬಿಲ್ಲುಗಾರರು ಇದನ್ನು ಟಾರ್ಗೆಟ್ ಪ್ಯಾನಿಕ್ ಅನ್ನುತ್ತಾರೆ. ತೋರುಬೆರಳು ಮನಸ್ಸಿನ ಮಾತನ್ನು ಎಲ್ಲಕ್ಕಿಂತ ಬೇಗ ಕೇಳುವ ಬೆರಳು. ಮನಸ್ಸು ಗಾಬರಿಯಾದರೆ ಮೊದಲು ಗಾಬರಿಯಾಗುವುದೂ ಅದೇ.

ನನಗೆ ಕಲಿಸುತ್ತಿದ್ದ ಹಿರಿಯರು ಒಂದು ಸಂಜೆ ಹಿಂದೆ ನಿಂತು ನೋಡಿ ಹೇಳಿದ್ದು ಇಷ್ಟೇ: "ತಮಾ, ನೀ ಬಿಡಡ. ಎಳೀತಾ ಇರು. ಅದೇ ಬಿಟ್ಕತ್ತು." ಅಂದರೆ ನೀನು ಬಿಡಬೇಡ, ಅದೇ ಬಿಟ್ಟುಕೊಳ್ಳುತ್ತದೆ.

ಈ ಪದದ ತಿರುಳು ಆ ಮಾತಿನಲ್ಲಿದೆ. 'ಬಿಟ್ಟೆ' ಅಂದರೆ ಕೆಲಸ ನನ್ನದು. 'ಬಿಟ್ಟುಕೊಂಡಿತು' ಅಂದರೆ ತಾನಾಗಿ ಆದದ್ದು. ಬಾಗಿಲು ತೆರೆದುಕೊಂಡಿತು, ಗಂಟು ಬಿಚ್ಚಿಕೊಂಡಿತು ಅನ್ನುತ್ತೇವಲ್ಲ, ಹಾಗೆ. ಇಂಗ್ಲಿಷಿನವರು ಸರ್‌ಪ್ರೈಸ್ ರಿಲೀಸ್ ಎಂದು ಎರಡು ಪದ ಜೋಡಿಸುವ ಕಡೆ ಕನ್ನಡಕ್ಕೆ ಒಂದು 'ಕೊಳ್ಳು' ಸಾಕು. ಒಳ್ಳೆಯ ರಿಲೀಸ್ ಯಾವಾಗಲೂ ಬಿಟ್ಟುಕೊಳ್ಳುವಂಥದ್ದು. ಯಾವ ಗಳಿಗೆಯಲ್ಲಿ ಎಂದು ಮೊದಲೇ ಗೊತ್ತಿಲ್ಲದಿದ್ದರೆ, ಬೆಚ್ಚಲು ಮೈಗೆ ಸಮಯವೇ ಸಿಗುವುದಿಲ್ಲ.

ಬಿಡದೆ ಎಳೆಯುತ್ತ ಇರುವುದು ಹೇಗೆ ಎಂದು ಕೇಳಿದರೆ ನಾನು ಕಾರವಾರದ ಕಡಲ ದಂಡೆ ತೋರಿಸುತ್ತೇನೆ. ರಂಪಣಿ ಬಲೆ ಎಳೆಯುವವರನ್ನು ನೋಡಿ. ಹಗ್ಗ ಹಿಡಿದ ಸಾಲು ಹಿಂದಕ್ಕೆ ವಾಲಿರುತ್ತದೆ, ತೋಳು ಸುಮ್ಮನೆ ಚಾಚಿರುತ್ತದೆ, ಎಳೆತವೆಲ್ಲ ಬೆನ್ನಿನದು. ತೋಳಿನಿಂದ ಎಳೆಯುವವನು ಹತ್ತು ನಿಮಿಷದಲ್ಲಿ ಸುಸ್ತಾಗುತ್ತಾನೆ. ಬಿಲ್ಲಿನಲ್ಲಿ ಬ್ಯಾಕ್ ಟೆನ್ಷನ್ ಅಂದರೆ ಅದೇ. ಬಲ ಭುಜದ ಹಲಗೆ ಬೆನ್ನುಮೂಳೆಯ ಕಡೆಗೆ ನಿಧಾನಕ್ಕೆ ಸರಿಯುತ್ತ ಇರಬೇಕು, ಕೈ ಬರಿಯ ಹಗ್ಗದ ಹಾಗೆ ಇರಬೇಕು.

ಈ ಎಳೆತಕ್ಕೆಂದೇ ಮಾಡಿದ್ದು ಹಿಂಜ್ ರಿಲೀಸ್. ಅದಕ್ಕೆ ಟ್ರಿಗರ್ ಇಲ್ಲ. ಒಳಗೆ ಅರ್ಧಚಂದ್ರದಂಥ ತುಂಡೊಂದರ ಅಂಚಿನ ಮೇಲೆ ಕೊಕ್ಕೆ ನಿಂತಿರುತ್ತದೆ. ಎಳೆತ ಮುಂದುವರಿದಂತೆ ಹಿಡಿ ಕೂದಲೆಳೆಯಷ್ಟು ತಿರುಗುತ್ತದೆ, ಕೊಕ್ಕೆ ಅಂಚಿನಿಂದ ಜಾರುತ್ತದೆ. ಕೆಲವದರಲ್ಲಿ ಜಾರುವ ಮುಂಚೆ 'ಟಿಕ್' ಎಂದು ಒಂದು ಸದ್ದು ಬರುತ್ತದೆ, ಇನ್ನು ಸ್ವಲ್ಪವೇ ಬಾಕಿ ಎಂಬ ಸೂಚನೆ. ಚಾಳಿ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. ಆದರೆ ಎಳೆಯುತ್ತಿರುವಾಗ ಹೆಬ್ಬೆರಳು ಅದರ ಪುಟ್ಟ ಗೂಟದ ಮೇಲೆ ಒರಗಿರಲೇಬೇಕು. ಮೊದಲ ವಾರದಲ್ಲೇ ನಾನು ಅದನ್ನು ಮರೆತೆ. ಅರ್ಧ ಎಳೆದಿದ್ದಾಗ ಹೆದೆ ಕಳಚಿ ನನ್ನದೇ ಮುಷ್ಟಿ ತುಟಿಗೆ ಬಡಿದು ರಕ್ತ ಬಂತು. ಅದಕ್ಕೇ ಹೇಳುವುದು, ಹಿಂಜ್ ತಂದ ದಿನವೇ ಬಿಲ್ಲಿಗೆ ಸಿಕ್ಕಿಸಬೇಡಿ. ನಿಮ್ಮ ಎಳೆತದ ಉದ್ದಕ್ಕೆ ನೈಲಾನ್ ಹುರಿಯೊಂದನ್ನು ಗಂಟು ಹಾಕಿ, ಒಂದು ತುದಿ ಎಡ ಅಂಗೈಯಲ್ಲಿ, ಇನ್ನೊಂದು ತುದಿ ರಿಲೀಸ್‌ನಲ್ಲಿ ಇಟ್ಟು ಜಗಲಿಯ ಮೇಲೆ ನಿಂತು ಎಳೆಯಿರಿ. ಹದಿನೈದು ದಿನ ಹುರಿಯೊಂದಿಗೇ ಇರಿ.

ಹೆಬ್ಬೆರಳಿನ ಗುಂಡಿಯ ರಿಲೀಸ್ ಇವೆರಡರ ನಡುವಿನದು. ಮುಷ್ಟಿಯಲ್ಲಿ ಹಿಡಿಯುವಂಥದ್ದು, ಟ್ರಿಗರ್ ಹೆಬ್ಬೆರಳ ಕೆಳಗೆ. ಟ್ರಿಗರನ್ನು ಸ್ವಲ್ಪ ಬಿಗಿಯಾಗಿಯೇ ಇಟ್ಟು, ಹೆಬ್ಬೆರಳ ಬುಡ ಅದರ ಮೇಲೆ ಕೂರುವಂತೆ ಹೊಂದಿಸಿದರೆ, ಬೆನ್ನಿನ ಎಳೆತಕ್ಕೆ ಅದೂ ತಾನಾಗಿ ಬಿಟ್ಟುಕೊಳ್ಳುತ್ತದೆ. ಹೆಬ್ಬೆರಳ ತುದಿಯಿಂದ ಒತ್ತಿದರೆ ಮತ್ತೆ ಹಳೆಯ ಚಾಳಿಯೇ.

ನಾಲ್ಕನೆಯದು ರೆಸಿಸ್ಟೆನ್ಸ್ ರಿಲೀಸ್. ಇದು ಎಳೆತದ ಭಾರ ನೋಡಿ ತೆರೆಯುತ್ತದೆ. ಕಾಂಪೌಂಡ್ ಬಿಲ್ಲಿನ ಚಕ್ರಗಳು ಕೊನೆಯಲ್ಲಿ ಭಾರವನ್ನು ಇಳಿಸಿಕೊಡುತ್ತವೆ, ಈ ಇಳಿತಕ್ಕೆ ಲೆಟ್-ಆಫ್ ಅನ್ನುತ್ತಾರೆ. 50 ಪೌಂಡ್ ಬಿಲ್ಲಿಗೆ ಶೇ. 80 ಲೆಟ್-ಆಫ್ ಇದ್ದರೆ ಪೂರ್ತಿ ಎಳೆದ ಮೇಲೆ ಕೈಯಲ್ಲಿ ಉಳಿಯುವುದು 10 ಪೌಂಡ್. ರಿಲೀಸನ್ನು 13 ಪೌಂಡಿಗೆ ಹೊಂದಿಸಿಟ್ಟರೆ, ಎಳೆಯುವಾಗ ಒತ್ತಿ ಹಿಡಿದಿದ್ದ ಸೇಫ್ಟಿ ಗುಂಡಿಯಿಂದ ಹೆಬ್ಬೆರಳು ತೆಗೆದು ಆ ಹೆಚ್ಚಿನ ಮೂರನ್ನು ಬೆನ್ನು ಎಳೆದಾಗ ಅದು ತೆರೆಯುತ್ತದೆ. ಬೇರೆ ಬಿಲ್ಲಿಗೆ ಹೋದರೆ ಮತ್ತೆ ಹೊಂದಿಸಬೇಕು.

ಕೈಯ ಅಳತೆಯನ್ನು ಲಘುವಾಗಿ ನೋಡಬೇಡಿ. ತುಂಬಿದ ಕೊಡಪಾನದ ಕಂಠಕ್ಕೆ ಬೆರಳು ಕೊಕ್ಕೆ ಹಾಕಿ ಎತ್ತುತ್ತೇವಲ್ಲ, ರಿಲೀಸ್ ಹಿಡಿಯುವುದೂ ಹಾಗೆಯೇ. ಬೆರಳಿನ ನಡು ಭಾಗ ಭಾರ ಹೊರಬೇಕು, ಅಂಗೈ ಸಡಿಲವಾಗಿರಬೇಕು. ಪುಟ್ಟ ಕೈಗೆ ದೊಡ್ಡ ಹಿಡಿ ಕೊಟ್ಟರೆ ಬೆರಳ ತುದಿಗಳು ನೇತಾಡುತ್ತವೆ, ಮುಷ್ಟಿ ಬಿಗಿಯುತ್ತದೆ, ಮಣಿಕಟ್ಟು ಮಡಚುತ್ತದೆ. ಮೂರು ಬೆರಳಿನದೋ ನಾಲ್ಕರದೋ ಎಂಬುದನ್ನು ಹತ್ತು ಸಲ ಎಳೆದ ಮೇಲೆ ನಿಮ್ಮ ಕಿರುಬೆರಳೇ ಹೇಳುತ್ತದೆ. ಹಿತ್ತಾಳೆಯ ಹಿಡಿ ಅಲ್ಯುಮಿನಿಯಂಗಿಂತ ಭಾರ. ನನಗೆ ಆ ಭಾರ ಹಿತ, ಎಲ್ಲರಿಗೂ ಅಲ್ಲ.

ಹೊಂದುವುದು ಎಂಬ ಮಾತಿಗೆ ಶೀತಲ್ ದೇವಿಯವರಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ. ಹುಟ್ಟಿನಿಂದಲೇ ತೋಳುಗಳಿಲ್ಲದ ಅವರು ಬಿಲ್ಲನ್ನು ಕಾಲಿನಿಂದ ಹಿಡಿಯುತ್ತಾರೆ, ಭುಜಕ್ಕೆ ಕಟ್ಟಿದ ರಿಲೀಸ್‌ನಿಂದ ಹೆದೆ ಎಳೆಯುತ್ತಾರೆ, ಬಾಯಿಯ ಸಹಾಯದಿಂದ ಬಾಣ ಬಿಡುತ್ತಾರೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು ಗೆದ್ದರು. ಸಾಧನವೇ ಅಲ್ಲಿ ಮೈಗೆ ತಕ್ಕಂತೆ ಬದಲಾಗಿದೆ.

ಸ್ಪರ್ಧೆಗೆ ಹೋಗುವವರಿಗೆ ನಿಯಮ ಸರಳ: ರಿಲೀಸ್ ಬಿಲ್ಲಿಗೆ ಅಂಟಿಕೊಂಡಿರಬಾರದು, ಅದರಲ್ಲಿ ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಭಾಗ ಇರಬಾರದು. ಉಳಿದಂತೆ ನಾಲ್ಕೂ ನಡೆಯುತ್ತವೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಕಡಲ ಬದಿಯ ಉಪ್ಪುಗಾಳಿಗೂ ಘಟ್ಟದ ಮೇಲಿನ ಮಳೆಗೂ ರಿಲೀಸ್‌ನ ಒಳಗಿನ ಪುಟ್ಟ ಉಕ್ಕಿನ ಭಾಗಗಳು ಬೇಗ ತುಕ್ಕು ಹಿಡಿಯುತ್ತವೆ. ತುಕ್ಕು ಹಿಡಿದ ಹಿಂಜ್ ಇವತ್ತು ಒಂದು ಹದಕ್ಕೆ, ನಾಳೆ ಇನ್ನೊಂದು ಹದಕ್ಕೆ ಬಿಡುತ್ತದೆ. ಬೆವರು ಒರೆಸಿ, ತೇವ ಹೀರುವ ಪುಡಿಯ ಪೊಟ್ಟಣ ಹಾಕಿದ ಡಬ್ಬಿಯಲ್ಲಿಡಿ. ಕಂಡ ಎಣ್ಣೆಯನ್ನೆಲ್ಲ ಬಿಡಬೇಡಿ, ಧೂಳು ಅಂಟುತ್ತದೆ.

ಕೊಳ್ಳುವ ಮುಂಚೆ ಜೊತೆಯವರದನ್ನು ಕೇಳಿ ಪಡೆದು ನೋಡಿ. ತೋರುಬೆರಳಿನದರಿಂದ ಮುಷ್ಟಿಯದಕ್ಕೆ ಬದಲಾದರೆ ದವಡೆಯ ಮೇಲೆ ಕೈ ಕೂರುವ ಜಾಗ ಬದಲಾಗುತ್ತದೆ, ಎಳೆತದ ಉದ್ದವನ್ನೂ ಪೀಪ್ (ಗುರಿ ನೋಡಲು ಹೆದೆಯಲ್ಲಿ ಕೂರಿಸಿದ ಪುಟ್ಟ ಕಿಂಡಿ) ಇರುವ ಎತ್ತರವನ್ನೂ ಮತ್ತೆ ನೋಡಬೇಕಾಗುತ್ತದೆ. ಹಾಗಾಗಿ ಸ್ಪರ್ಧೆ ಹತ್ತಿರವಿದ್ದಾಗ ಬೇಡ. ಜೂನ್ ತಿಂಗಳಿಗೆ ಇಟ್ಟುಕೊಳ್ಳಿ. ಮಳೆ ಹಿಡಿದು ಮೈದಾನ ಕೆಸರಾದ ಮೇಲೆ ಕೊಟ್ಟಿಗೆಯ ಮಾಡಿನ ಕೆಳಗೆ ಎರಡು ಮಾರು ದೂರದಲ್ಲಿ ದಪ್ಪನೆಯ ಹುಲ್ಲಿನ ಹೊರೆ ಇಟ್ಟು, ಅದರ ಹಿಂದೆ ಗೋಡೆ ಇದೆಯೆಂದು, ಯಾರೂ ಹಾಯುವುದಿಲ್ಲವೆಂದು ನೋಡಿಕೊಂಡು, ಗುರಿಯ ಕಾಗದ ಅಂಟಿಸದೆ ಎಳೆಯುತ್ತ ಹೋಗಿ. ನಾಗರಪಂಚಮಿಯ ಹೊತ್ತಿಗೆ ಬಾಣ ನೀವು ಬಿಡುತ್ತಿದ್ದೀರೋ, ಅದೇ ಬಿಟ್ಟುಕೊಳ್ಳುತ್ತಿದೆಯೋ ಗೊತ್ತಾಗುತ್ತದೆ.