ಗಡ್ಡೆ ಬಂದ ಮೇಲೆ ಎಚ್‌ಪಿವಿ ಲಸಿಕೆ ಯಾಕೆ ನಾಟುವುದಿಲ್ಲ

ಹೋದ ತಿಂಗಳು ಒಬ್ಬರು ತಾಯಿಯನ್ನು ಕರೆದುಕೊಂಡು ಬಂದಿದ್ದರು. ಗರ್ಭಕಂಠದ ಕ್ಯಾನ್ಸರ್, ಬಹುತೇಕ ಎಚ್‌ಪಿವಿ ಎಂಬ ವೈರಸ್ಸಿನಿಂದ ಬರುವ ಕಾಯಿಲೆ. ರೇಡಿಯೇಷನ್ ಶುರುವಾಗಬೇಕಿತ್ತು. ಮಗ ಬ್ಯಾಗಿನಿಂದ ಫ್ಲಾಸ್ಕ್ ತೆಗೆದು ಮುಚ್ಚಳ ತಿರುಗಿಸಿದರು. ಒಳಗೆ ಕರಗಿದ ಐಸು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಎಚ್‌ಪಿವಿ ಲಸಿಕೆ. "ಇದನ್ನೂ ಹಾಕಿಬಿಡಿ ಡಾಕ್ಟ್ರೇ, ಅದೇ ವೈರಸ್ಸಿಗೆ ಅಲ್ವಾ?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ತಾಯಿ ಮೇಲಿನ ಪ್ರೀತಿಯಿಂದ ಕೇಳುವುದು, ಬೈಯಲು ಮನಸ್ಸಾಗುವುದಿಲ್ಲ. ಆದರೆ ಲಸಿಕೆಗೆ ದುಡ್ಡು ಹಾಕಿ ಸ್ಕ್ಯಾನ್ ಮುಂದೂಡಿದರು ಅಂತ ಗೊತ್ತಾದಾಗ ಸಿಟ್ಟು ಬರುತ್ತದೆ.

ಲಸಿಕೆಯಲ್ಲಿರುವುದು ವೈರಸ್ಸಿನ ಹೊರಚಿಪ್ಪಿನ ಪ್ರೋಟೀನು, ಹೆಸರು ಎಲ್1. ಅದರಿಂದ ಹುಟ್ಟುವ ಆಂಟಿಬಾಡಿಗಳು ವೈರಸ್ಸನ್ನು ಜೀವಕೋಶದ ಬಾಗಿಲಲ್ಲೇ ತಡೆಯುತ್ತವೆ. ಗಡ್ಡೆಯ ಕೋಶ ಆ ಚಿಪ್ಪನ್ನು ಮಾಡುವುದೇ ಇಲ್ಲ. ಅದು ಬಿಡದೆ ಮಾಡುವುದು ಅದೇ ವೈರಸ್ಸಿನ ಇ6, ಇ7 ಎಂಬ ಪ್ರೋಟೀನುಗಳನ್ನು. ಅವು ಇರುವುದು ಕೋಶದ ಒಳಗೆ. ಆಂಟಿಬಾಡಿ ಅಲ್ಲಿಗೆ ಹೋಗಲಾರದು.

ಅಲ್ಲಿ ಬೇಕಾದದ್ದು ಕಿಲ್ಲರ್ ಟಿ ಕೋಶ, ಅಂದರೆ ಸೋಂಕು ತಗುಲಿದ ಕೋಶವನ್ನೇ ಕೊಲ್ಲುವ ಬಿಳಿ ರಕ್ತಕಣ. ಅದೂ ಒಳಗೆ ಇಣುಕುವುದಿಲ್ಲ. ನಮ್ಮ ಬಹುತೇಕ ಕೋಶಗಳು ತಮ್ಮ ಪ್ರೋಟೀನುಗಳನ್ನು ಚೂರು ಮಾಡಿ, 8ರಿಂದ 10 ಅಮೈನೊ ಆಮ್ಲಗಳಷ್ಟು ಪುಟ್ಟ ತುಣುಕುಗಳನ್ನು ಎಚ್‌ಎಲ್‌ಎ ಎಂಬ ತಟ್ಟೆಯಲ್ಲಿಟ್ಟು ಹೊರಗೆ ಹಿಡಿಯುತ್ತವೆ. ಟಿ ಕೋಶ ತುಣುಕನ್ನೂ ತಟ್ಟೆಯನ್ನೂ ಒಟ್ಟಿಗೇ ಗುರುತಿಸಬೇಕು. 1974ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಡೊಹರ್ಟಿ ಮತ್ತು ಜಿಂಕರ್‌ನಾಗೆಲ್ ಎಂಬ ವಿಜ್ಞಾನಿಗಳು ಇದನ್ನು ಇಲಿಗಳಲ್ಲಿ ಕಂಡುಕೊಂಡರು. ವೈರಸ್ ಅದೇ ಇದ್ದರೂ, ಬೇರೆ ತಳಿಯ ಇಲಿಯ ಕೋಶವನ್ನು ಟಿ ಕೋಶ ಮುಟ್ಟಲಿಲ್ಲ. ತಟ್ಟೆ ಬೇರೆ ಇತ್ತು, ಅಷ್ಟೇ. 1996ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಈಗ ಗಡ್ಡೆ ತಟ್ಟೆಯನ್ನೇ ಬಚ್ಚಿಟ್ಟರೆ? ಎಲ್ಲ ಗಡ್ಡೆಗಳೂ ಅಲ್ಲ, ಆದರೆ ಗರ್ಭಕಂಠದ ಎಷ್ಟೋ ಗಡ್ಡೆಗಳು ಹಾಗೆ ಮಾಡುತ್ತವೆ. ಒಳಗೆ ಇ7 ತುಂಬಿಕೊಂಡಿದ್ದರೂ ಟಿ ಕೋಶ ಸುಮ್ನೆ ಪಕ್ಕದಲ್ಲೇ ಹಾದುಹೋಗುತ್ತದೆ. ಇಮ್ಯೂನಿಟಿ ಜಾಸ್ತಿ ಮಾಡುತ್ತದೆ ಅಂತ ಮಾರುವ ಪುಡಿ ತಿಂದರೆ ತಟ್ಟೆ ವಾಪಸ್ ಬರುವುದಿಲ್ಲ. ಇ6, ಇ7 ಪರಿಚಯ ಮಾಡಿಸಿ ಟಿ ಕೋಶಗಳನ್ನು ಎಬ್ಬಿಸುವ ಬೇರೆ ಲಸಿಕೆಗಳ ಮೇಲೆ ಪ್ರಯೋಗ ನಡೆದಿದೆ. ಫ್ಲಾಸ್ಕಿನಲ್ಲಿದ್ದದ್ದು ಅದಲ್ಲ.

ಇಷ್ಟನ್ನೂ ಓಪಿಡಿ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದೆ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಮಗಳಿಗೆ ಹಾಕಿಸ್ಲಾ? 11 ವರ್ಷ."

ಖಂಡಿತ ಹಾಕಿಸಿ ಅಂದೆ, ಆರು ತಿಂಗಳ ಅಂತರದಲ್ಲಿ ಎರಡು ಡೋಸ್. ಆದರೆ ಈ ಶೀಶೆ ಬೇಡ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧಿ, ಬಸ್ಸಿನಲ್ಲಿ ಐಸ್ ಯಾವಾಗ ಕರಗಿತೋ ಯಾರಿಗೂ ಗೊತ್ತಿಲ್ಲ.