‘ಎ ನಂಬರ್ ಆಫ್ ಸ್ಟೂಡೆಂಟ್ಸ್’ ಮುಂದೆ ‘ಈಸ್’ ಬರಬೇಕೇ, ‘ಆರ್’ ಬರಬೇಕೇ?

ಪ್ರಶ್ನೆ: ‘ದ ಲಿಸ್ಟ್ ಆಫ್ ನೇಮ್ಸ್ ಈಸ್ ರೆಡಿ’ ಎಂಬಲ್ಲಿ ‘ಈಸ್’ ಸರಿ ಎನ್ನುತ್ತಾರೆ. ಹಾಗಿದ್ದರೆ ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆಬ್ಸೆಂಟ್’ ಎಂಬಲ್ಲಿ ‘ಆರ್’ ಹೇಗೆ ಬಂತು? ಎರಡೂ ಒಂದೇ ಬಗೆಯ ವಾಕ್ಯಗಳಲ್ಲವೇ?

ಉತ್ತರ: ಮೇಲ್ನೋಟಕ್ಕೆ ಹೌದು, ಅರ್ಥದಲ್ಲಿ ಅಲ್ಲ.

ಸಿದ್ಧವಾಗಿರುವುದು ಪಟ್ಟಿ, ಅದು ಒಂದೇ ಆದ್ದರಿಂದ ‘ಈಸ್’. ‘ಹೆಸರುಗಳ ಪಟ್ಟಿ ಸಿದ್ಧವಾಗಿದೆ’ ಎಂದು ಕನ್ನಡದಲ್ಲಿ ಬರೆಯುವಾಗ ಯಾರೂ ಎಡವುವುದಿಲ್ಲ. ಕರ್ತೃವಾದ ‘ಪಟ್ಟಿ’ ಕ್ರಿಯಾಪದದ ಮಗ್ಗುಲಲ್ಲೇ ಇರುತ್ತದೆ. ಇಂಗ್ಲಿಷಿನಲ್ಲಿ ಈ ಕ್ರಮ ತಿರುಗುಮುರುಗು: ‘ಲಿಸ್ಟ್’ ಹಿಂದೆ ಉಳಿದು, ಬಹುವಚನದ ‘ನೇಮ್ಸ್’ ಕ್ರಿಯಾಪದಕ್ಕೆ ಅಂಟಿಕೊಳ್ಳುತ್ತದೆ. ಬರೆಯುವ ಕೈ ಹತ್ತಿರದ ಪದವನ್ನು ನಂಬಿ ‘ಆರ್’ ಎಂದುಬಿಡುತ್ತದೆ. ಇಂಗ್ಲಿಷ್ ಮನೆಮಾತಿನವರೂ ಈ ತಪ್ಪು ಮಾಡುತ್ತಾರೆ. ಹಾಗಾಗಿ ನಮ್ಮ ಮಕ್ಕಳು ತಪ್ಪಿದಾಗ ಗದರುವ ಬದಲು, ಎರಡು ಭಾಷೆಗಳ ಪದಕ್ರಮವನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಬೇಕು.

ಇನ್ನು ಎರಡನೆಯ ವಾಕ್ಯ. ಗೈರುಹಾಜರಾದವರು ವಿದ್ಯಾರ್ಥಿಗಳು, ಸಂಖ್ಯೆಯಲ್ಲ. ‘ಎ ನಂಬರ್ ಆಫ್’ ಎಂಬ ಮೂರು ಪದಗಳು ಸೇರಿ ‘ಹಲವು’ ಎಂಬ ಒಂದೇ ವಿಶೇಷಣದ ಕೆಲಸ ಮಾಡುತ್ತವೆ. ಆದ್ದರಿಂದ ‘ಆರ್’. ‘ಎ’ ತೆಗೆದು ‘ದ’ ಇಟ್ಟ ಕೂಡಲೇ ಲೆಕ್ಕ ಬದಲಾಗುತ್ತದೆ: ‘ದ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ ಫಾರ್ಟಿ’. ನಲವತ್ತು ಎಂಬುದು ಸಂಖ್ಯೆಯ ಮಾತು. ‘ಆಫ್’ನ ಹಿಂದಿನ ಪದವನ್ನೇ ನೋಡಿ ಎಂಬ ಗೈಡುಗಳ ಸೂತ್ರ ಅರ್ಧ ದಾರಿಗಷ್ಟೇ ಸಾಕು. ಕ್ರಿಯಾಪದ ಯಾರ ಬಗ್ಗೆ ಹೇಳುತ್ತಿದೆ ಎಂದು ಕೇಳಿಕೊಳ್ಳುವುದೇ ಲೇಸು. ‘ಎ ಲಾಟ್ ಆಫ್ ವಾಟರ್ ಈಸ್’, ‘ಎ ಲಾಟ್ ಆಫ್ ಪೀಪಲ್ ಆರ್’ ಎಂಬ ವ್ಯತ್ಯಾಸವೂ ಆಗ ತಾನಾಗಿ ತಿಳಿಯುತ್ತದೆ.

‘ಟೀಮ್’, ‘ಕಮಿಟಿ’, ‘ಗವರ್ನ್‌ಮೆಂಟ್’ ಪದಗಳ ವಿಷಯ ಬೇರೆ. ಅಮೆರಿಕನ್ನರು ಇವನ್ನು ಸಾಮಾನ್ಯವಾಗಿ ಏಕವಚನವಾಗಿಯೇ ಬಳಸುತ್ತಾರೆ. ಬ್ರಿಟಿಷರಲ್ಲಿ ಎರಡೂ ಉಂಟು. ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ‘ಇಂಡಿಯಾ ಆರ್ ಬ್ಯಾಟಿಂಗ್’ ಎಂದು ಕೇಳುವುದು ಆ ರೂಢಿಯಿಂದಲೇ. ಯಾವುದನ್ನು ಆರಿಸಿಕೊಂಡರೂ ಒಂದು ಬರಹದಲ್ಲಿ ಅದನ್ನೇ ಉಳಿಸಿಕೊಳ್ಳಿ. ‘ಪೊಲೀಸ್’ ಪದಕ್ಕೆ ಮಾತ್ರ ಈ ಆಯ್ಕೆಯಿಲ್ಲ. ಲಂಡನ್ನಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ‘ದ ಪೊಲೀಸ್ ಹ್ಯಾವ್ ಅರೆಸ್ಟೆಡ್’ ಎಂದೇ ಬರೆಯುತ್ತಾರೆ.