ಟೆಂಪೊರಲ್ ಲೋಬ್ ಅಪಸ್ಮಾರ: ಔರಾವನ್ನು ಅರ್ಥಮಾಡಿಕೊಳ್ಳುವುದು, ಅದರೊಡನೆ ಬಾಳುವುದು

ಮಿದುಳಿನ ಪಕ್ಕದ ಭಾಗದಲ್ಲಿ ಹುಟ್ಟುವ ಫಿಟ್ಸ್ ರೋಗವಾದ ಟೆಂಪೊರಲ್ ಲೋಬ್ ಅಪಸ್ಮಾರವನ್ನು ಓದಲು ಕುಳಿತವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ‘ಔರಾ’ ಎಂಬ ಪದದಲ್ಲಿದೆ. ಹಳೆಯ ಗ್ರೀಕ್ ಭಾಷೆಯಲ್ಲಿ ತಂಗಾಳಿ ಎಂಬ ಅರ್ಥವಿದ್ದ ಈ ಪದವನ್ನು ಫಿಟ್ಸ್ ಬರುವ ಮೊದಲಿನ ಸೂಚನೆ ಎಂದು ರೋಗಿಗಳೂ ಮನೆಯವರೂ ಬಳಸುತ್ತಾರೆ. ವಾಸ್ತವದಲ್ಲಿ ಔರಾ ಕಾಣಿಸಿಕೊಂಡಾಗ ಸೆಳವು ಆಗಲೇ ಶುರುವಾಗಿರುತ್ತದೆ. ಮಿದುಳಿನ ಒಂದು ಚಿಕ್ಕ ಭಾಗದ ನರಕೋಶಗಳು ಹತೋಟಿ ತಪ್ಪಿ ಒಟ್ಟಾಗಿ ವಿದ್ಯುತ್ ಸಂಕೇತಗಳನ್ನು ಹೊಮ್ಮಿಸತೊಡಗಿರುತ್ತವೆ. ಅದು ಆ ಭಾಗಕ್ಕಷ್ಟೇ ಸೀಮಿತವಾಗಿರುವ ತನಕ ವ್ಯಕ್ತಿಗೆ ಎಚ್ಚರವಿರುತ್ತದೆ. ಇಂಟರ್‌ನ್ಯಾಷನಲ್ ಲೀಗ್ ಅಗೇನ್ಸ್ಟ್ ಎಪಿಲೆಪ್ಸಿ ಸಂಸ್ಥೆಯ 2017ರ ವರ್ಗೀಕರಣವು ಇದನ್ನು ‘ಅರಿವು ಉಳಿದಿರುವ ಸ್ಥಾನಿಕ ಸೆಳವು’ ಎಂಬ ಅರ್ಥದ ಹೆಸರಿನಿಂದ ಗುರುತಿಸಿತು. ಅದು ಅಲ್ಲಿಯೇ ಅಡಗಬಹುದು, ಹರಡಿ ಅರಿವನ್ನು ಮಂಕಾಗಿಸಬಹುದು, ಅಥವಾ ಮಿದುಳಿನ ಎರಡೂ ಭಾಗಗಳನ್ನು ಆವರಿಸಿ ಮೈಯೆಲ್ಲ ಸೆಟೆದು ನಡುಗುವ ಸೆಳವಾಗಬಹುದು. ಈ ಒಂದು ತಿಳಿವಳಿಕೆ ಸ್ಥಿರವಾದರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಕಣತಲೆಯ ಒಳಬದಿಗೆ, ಕಿವಿಗಳ ಮಟ್ಟದಲ್ಲಿ ಇರುವ ಟೆಂಪೊರಲ್ ಲೋಬ್‌ನ ಆಳದಲ್ಲಿ ನೆನಪನ್ನು ಕಟ್ಟಿಕೊಡುವ ಹಿಪೊಕ್ಯಾಂಪಸ್ ಮತ್ತು ಭಯದ ಭಾವಕ್ಕೆ ಸಂಬಂಧಿಸಿದ ಅಮಿಗ್ಡಲಾ ಅಕ್ಕಪಕ್ಕದಲ್ಲಿವೆ. ಔರಾದ ಸ್ವರೂಪ ವಿಚಿತ್ರವಾಗಿ ತೋರುವುದಕ್ಕೆ ಈ ನೆರೆಹೊರೆಯೇ ಕಾರಣ. ಹೊಟ್ಟೆಯಲ್ಲಿ ಏನೋ ಹೊರಳಿದಂತಾಗಿ ಎದೆಗೆ, ಗಂಟಲಿಗೆ ಏರಿ ಬರುವ ಅನುಭವವನ್ನು ಬಹಳ ಮಂದಿ ವಿವರಿಸುತ್ತಾರೆ. ಕಾರಣವೇ ಇಲ್ಲದ ಗಾಢವಾದ ಭಯ, ಹೊಸ ಜಾಗ ಮೊದಲೇ ಕಂಡದ್ದೆಂಬ ಭಾವ, ಅದಕ್ಕೆ ವಿರುದ್ಧವಾಗಿ ತೀರ ಪರಿಚಿತವಾದ ಮುಖವೂ ಅಪರಿಚಿತವೆನಿಸುವುದು, ಬೇರೆ ಯಾರಿಗೂ ಬಾರದ ಸುಟ್ಟ ವಾಸನೆ, ಮೈ ಜುಮ್ಮೆನ್ನುವುದು ಇವೂ ಆಗುತ್ತವೆ. ಗುಂಯ್‌ಗುಡುವ ಸದ್ದು ಕೇಳಿಸುವುದು ಲೋಬ್‌ನ ಹೊರಮೈ ಕಡೆಯಿಂದ ಶುರುವಾಗುವ ಸೆಳವುಗಳಲ್ಲಿ ಹೆಚ್ಚು.

ಇತಿಹಾಸದ ಒಂದು ಪ್ರಕರಣವನ್ನು ಇಲ್ಲಿ ನೆನೆಯಲೇಬೇಕು, ಏಕೆಂದರೆ ಅರಿವು ಮತ್ತು ನಡವಳಿಕೆ ಎಷ್ಟರಮಟ್ಟಿಗೆ ಬೇರ್ಪಡಬಹುದೆಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಕಂಡಿಲ್ಲ. ಬ್ರಿಟನ್ನಿನ ನರವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ 1888ರಲ್ಲಿ ‘ಝಡ್’ ಎಂಬ ಸಂಕೇತನಾಮದಲ್ಲಿ ಬರೆದ ರೋಗಿ ಸ್ವತಃ ವೈದ್ಯರಾಗಿದ್ದರು. ಒಬ್ಬ ರೋಗಿಯ ಎದೆಯನ್ನು ಪರೀಕ್ಷಿಸಲು ಹೊರಟಾಗಲೇ ಅವರಿಗೆ ಸೆಳವು ಬಂತು. ಎಚ್ಚರ ಮರಳಿದಾಗ ಅವರು ಬರೆಯುವ ಮೇಜಿನ ಬಳಿ ಇದ್ದರು; ಎಡ ಶ್ವಾಸಕೋಶದ ಬುಡದಲ್ಲಿ ನ್ಯುಮೋನಿಯಾ ಇದೆಯೆಂದು ಅವರದೇ ಕೈಬರಹದಲ್ಲಿ ದಾಖಲಾಗಿತ್ತು, ಆದರೆ ಬರೆದ ನೆನಪೇ ಅವರಿಗಿರಲಿಲ್ಲ. ಮತ್ತೆ ಪರೀಕ್ಷಿಸಿದಾಗ ಆ ನಿರ್ಣಯ ಸರಿಯಾಗಿಯೇ ಇತ್ತು. ಅವರ ಮರಣಾನಂತರ ಟೆಂಪೊರಲ್ ಲೋಬ್‌ನ ಒಳಬದಿಯಲ್ಲಿ, ಎಡಭಾಗದಲ್ಲಿ, ಒಂದು ಚಿಕ್ಕ ಗಾಯ ಪತ್ತೆಯಾದುದನ್ನು ಜಾಕ್ಸನ್ 1898ರಲ್ಲಿ ಪ್ರಕಟಿಸಿದರು. ನೋಡುವವರಿಗೆ ಸಹಜವಾಗಿಯೇ ಕಾಣುತ್ತಿರುವ ವ್ಯಕ್ತಿಯೂ ಒಳಗೆ ಅರಿವು ಕಳೆದುಕೊಂಡಿರಬಹುದೆಂಬುದನ್ನು ಇದರಿಂದ ಕಲಿಯಬೇಕು. ಸಾಮಾನ್ಯವಾಗಿ ಅರಿವು ಮಂಕಾದ ಈ ಹಂತದಲ್ಲಿ ದೃಷ್ಟಿ ಒಂದೆಡೆ ನೆಟ್ಟು ನಿಲ್ಲುತ್ತದೆ, ತುಟಿ ಚಪ್ಪರಿಸುವುದು, ಬಟ್ಟೆಯನ್ನು ತಡಕಾಡುವುದು ಕಾಣುತ್ತದೆ, ಒಂದೆರಡು ನಿಮಿಷಗಳಲ್ಲಿ ಅದು ಮುಗಿದು ಗೊಂದಲ ಮತ್ತು ದಣಿವು ಉಳಿಯುತ್ತವೆ.

ಔರಾವನ್ನು ಇತರ ಅನುಭವಗಳಿಂದ ಬೇರ್ಪಡಿಸುವಾಗ ಅವಧಿ ಮತ್ತು ಏಕರೂಪತೆಯನ್ನು ಗಮನಿಸಬೇಕು. ಔರಾ ಕೆಲವು ಸೆಕೆಂಡುಗಳಿಂದ ಹೆಚ್ಚೆಂದರೆ ಒಂದೆರಡು ನಿಮಿಷ ಇರುತ್ತದೆ ಮತ್ತು ಒಬ್ಬ ವ್ಯಕ್ತಿಯಲ್ಲಿ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ ಬರುತ್ತದೆ. ಪ್ಯಾನಿಕ್ ಅಟ್ಯಾಕ್‌ನ ಭಯ ಏರಿ ಇಳಿಯಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಮೈಗ್ರೇನ್‌ನ ಔರಾ ನಿಧಾನವಾಗಿ ಹರಡುತ್ತಾ ಐದು ನಿಮಿಷಗಳಿಂದ ಒಂದು ಗಂಟೆಯವರೆಗೆ ಇರುತ್ತದೆ. ಸೆಳವಿಗೆ ಗಂಟೆಗಳ ಮುಂಚೆ ಕೆಲವರಲ್ಲಿ ಕಾಣುವ ಕಿರಿಕಿರಿ, ಮಂಕುತನ ಬೇರೆಯೇ ಸಂಗತಿ. ಔರಾದ ಸಮಯದಲ್ಲಿ ತಲೆಯ ಮೇಲ್ಮೈಯಿಂದ ತೆಗೆದ ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆ) ಸಹಜವಾಗಿಯೇ ಇರಬಹುದು, ಏಕೆಂದರೆ ಮೂಲ ಆಳದಲ್ಲಿರುತ್ತದೆ. ಆದ್ದರಿಂದ ವರದಿ ಸಹಜವಾಗಿದೆ ಎಂಬ ಕಾರಣಕ್ಕೆ ರೋಗಿಯ ಮಾತನ್ನು ತಳ್ಳಿಹಾಕುವುದು ದೊಡ್ಡ ಅನ್ಯಾಯ. ಹುಚ್ಚು ಎಂದಾರೆಂಬ ಅಂಜಿಕೆಯಿಂದ ಎಷ್ಟೋ ಜನ ಈ ಅನುಭವವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ.

ಆ ಕೆಲವು ಸೆಕೆಂಡುಗಳಲ್ಲಿ ಮಾಡಬೇಕಾದುದು ಕಡಿಮೆ, ಆದರೆ ಅದನ್ನು ಮೊದಲೇ ನಿರ್ಧರಿಸಿ ಅಭ್ಯಾಸ ಮಾಡಿಕೊಂಡಿರಬೇಕು: ಬೆಂಕಿ, ನೀರು, ಮೆಟ್ಟಿಲು, ರಸ್ತೆಯಿಂದ ದೂರ ಸರಿಯುವುದು, ಕೈಯಲ್ಲಿರುವ ಚೂಪಾದ ಅಥವಾ ಬಿಸಿ ವಸ್ತುವನ್ನು ಕೆಳಗಿಡುವುದು, ಕುಳಿತುಕೊಳ್ಳುವುದು ಅಥವಾ ಮಲಗುವುದು, ಹತ್ತಿರದವರಿಗೆ ಒಂದು ಮಾತಿನಲ್ಲಿ ತಿಳಿಸುವುದು. ಔರಾ ಬಂದ ಕೂಡಲೇ ದಿನನಿತ್ಯದ ಮಾತ್ರೆಯನ್ನು ಹೆಚ್ಚುವರಿಯಾಗಿ ನುಂಗುವುದರಿಂದ ಪ್ರಯೋಜನವಿಲ್ಲ, ಅದು ರಕ್ತಕ್ಕೆ ಸೇರುವಷ್ಟರಲ್ಲಿ ಆ ಕ್ಷಣ ಕಳೆದಿರುತ್ತದೆ. ದೀರ್ಘವಾಗುವ ಅಥವಾ ಒಂದರ ಹಿಂದೊಂದು ಬರುವ ಸೆಳವುಗಳಿಗೆ ಮೂಗಿಗೆ ಸಿಂಪಡಿಸುವ ಮಿಡಜೋಲಮ್‌ನಂತಹ ಔಷಧವನ್ನು ವೈದ್ಯರು ಕೊಟ್ಟಿದ್ದರೆ ಅವರು ಹೇಳಿದ ರೀತಿಯಲ್ಲಷ್ಟೇ ಬಳಸಬೇಕು.

ಔರಾದ ಹಂತದಲ್ಲಿಯೇ ಸೆಳವನ್ನು ತಡೆಯಬಹುದೇ? ನರವಿಜ್ಞಾನಿ ರಾಬರ್ಟ್ ಎಫ್ರನ್ 1957ರಲ್ಲಿ ಪ್ರಕಟಿಸಿದ ಪ್ರಕರಣ ಇಲ್ಲಿ ಕುತೂಹಲಕರ. ಒಬ್ಬ ಮಹಿಳೆಗೆ ಔರಾ ಶುರುವಾದೊಡನೆ ತೀಕ್ಷ್ಣ ವಾಸನೆ ಮೂಸಿಸಿದರೆ ಸೆಳವು ನಿಲ್ಲುತ್ತಿತ್ತು. ಮಲ್ಲಿಗೆಯ ಸುಗಂಧವನ್ನು ಒಂದು ಕಡಗದ ನೋಟದೊಡನೆ ಮತ್ತೆ ಮತ್ತೆ ಜೋಡಿಸಿದ ಮೇಲೆ ಕಡಗವನ್ನು ನೋಡುವುದೇ ಸಾಕಾಯಿತು. ಕೆಲವರು ದೀರ್ಘ ಉಸಿರಾಟ, ಗಮನವನ್ನು ಬೇರೆಡೆ ತಿರುಗಿಸುವುದು ಮುಂತಾದವುಗಳಿಂದ ಸಹಾಯವಾಗಿದೆ ಎನ್ನುತ್ತಾರೆ. ಎಲ್ಲರಲ್ಲಿಯೂ ಇದು ನಡೆಯದು, ಔಷಧಕ್ಕೆ ಬದಲಿಯೂ ಆಗದು. ಆದರೂ ರೋಗಿಯ ಸ್ವಂತ ಪ್ರಯತ್ನಕ್ಕೆ ಇಲ್ಲಿ ಸ್ವಲ್ಪ ಜಾಗವಿದೆ ಎಂಬುದು ಸಣ್ಣ ವಿಷಯವಲ್ಲ.

ಔಷಧಗಳಿಂದ ಅಪಸ್ಮಾರವಿರುವ ಸುಮಾರು ಮೂರನೇ ಎರಡರಷ್ಟು ಜನರಿಗೆ ಸೆಳವು ಹತೋಟಿಗೆ ಬರುತ್ತದೆ. ಮಾತ್ರೆ ತಪ್ಪುವುದು, ನಿದ್ದೆಗೆಡುವುದು, ಮದ್ಯಪಾನ, ಜ್ವರ, ಕೆಲವು ಮಹಿಳೆಯರಲ್ಲಿ ಮುಟ್ಟಿನ ದಿನಗಳು ಸೆಳವನ್ನು ಕೆದಕಬಲ್ಲವು. ಡೈರಿಯಲ್ಲಿ ದಿನಾಂಕ, ಸಮಯ, ಹಿಂದಿನ ರಾತ್ರಿಯ ನಿದ್ದೆಯ ಜೊತೆಗೆ ಬರೀ ಔರಾವಾಗಿ ಮುಗಿದದ್ದನ್ನೂ ಬರೆದಿಡಬೇಕು. ಅದನ್ನು ಬಿಟ್ಟು ‘ಆರು ತಿಂಗಳಿಂದ ಫಿಟ್ಸ್ ಬಂದಿಲ್ಲ’ ಎಂದರೆ ಔಷಧದ ಪ್ರಮಾಣವನ್ನು ನಿರ್ಧರಿಸುವವರಿಗೆ ತಪ್ಪು ಮಾಹಿತಿ ಹೋಗುತ್ತದೆ. ಸರಿಯಾಗಿ ಆಯ್ದ ಎರಡು ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ ಕೊಟ್ಟರೂ ಸೆಳವು ನಿಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ಪರಿಶೀಲಿಸಬೇಕು. ಟೆಂಪೊರಲ್ ಲೋಬ್ ಅಪಸ್ಮಾರವಿದ್ದ 80 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಅರಿವು ತಪ್ಪಿಸುವ ಸೆಳವುಗಳಿಂದ ಮುಕ್ತರಾಗಿದ್ದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಶೇ. 58, ಔಷಧದ ಗುಂಪಿನಲ್ಲಿ ಶೇ. 8. ಇಷ್ಟು ಸ್ಪಷ್ಟ ಫಲಿತಾಂಶವಿದ್ದರೂ ವರ್ಷಗಟ್ಟಲೆ ಔಷಧ ಬದಲಿಸುತ್ತಲೇ ಕಾಲ ಕಳೆಯುವುದು ನನ್ನ ದೃಷ್ಟಿಯಲ್ಲಿ ದುಃಖದ ಸಂಗತಿ.

ಸೆಳವು ಬಂದಾಗ ಜೊತೆಗಿರುವವರು ಸಮಯ ನೋಡಿಕೊಳ್ಳಬೇಕು. ಬಾಯಿಗೆ ಏನನ್ನೂ ತುರುಕಬಾರದು, ಬಲವಂತವಾಗಿ ಹಿಡಿದಿಡಬಾರದು, ಬಿದ್ದವರನ್ನು ಪಕ್ಕಕ್ಕೆ ಹೊರಳಿಸಬೇಕು, ಐದು ನಿಮಿಷ ದಾಟಿದರೆ ತುರ್ತು ನೆರವು ಕರೆಯಬೇಕು. ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಬೇಕು. ಯಾವ ಕೈ ಸೆಟೆದು ತಿರುಚಿಕೊಂಡಿತೋ ಸೆಳವಿನ ಮೂಲ ಸಾಮಾನ್ಯವಾಗಿ ಅದರ ಎದುರು ಬದಿಯ ಲೋಬ್‌ನಲ್ಲಿರುತ್ತದೆ, ಆ ಒಂದು ವಿವರವನ್ನು ರೋಗಿ ತಾನಾಗಿ ಹೇಳಲಾರರು.